ಡೇರಿ ಗೋಡೆಯ ಮೇಲೆ ನಮ್ಮ ಕ್ಲಬ್ಬಿನ ಲೆಕ್ಕ

2022ರ ಮೇ ಕೊನೆಯ ದಿನ ನಮ್ಮ ಪಿ.ಇ. ಮೇಷ್ಟ್ರು ನಿವೃತ್ತರಾದರು. ಸಂಜೆ ಹಾಲು ಅಳೆಯುವ ಹೊತ್ತಿಗೆ ಡೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಚೀಲ ಇಟ್ಟರು. ಅದರಲ್ಲಿ ಒಂದು ವಿಶಲ್, ಅಳತೆ ಟೇಪು, ನೈಲಾನ್ ಹಗ್ಗ, ಇನ್ನೂರು ಪುಟದ ಒಂದು ನೋಟ್‌ಬುಕ್ ಇದ್ದವು. "ಇನ್ಮೇಲೆ ನೀನೇ ನೋಡ್ಕೊಳ್ಳವ್ವ" ಎಂದರು. ಬೇರೆ ಏನೂ ಹೇಳಲಿಲ್ಲ.

ನಮ್ಮೂರು ಮೈಸೂರು ಜಿಲ್ಲೆಯ ನಾಲೆ ಬಯಲಿನಲ್ಲಿದೆ. ಭತ್ತ, ಕಬ್ಬು, ಮನೆಗೆ ಒಂದೋ ಎರಡೋ ಹಸು. ನಾನು ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ. ಹೈಸ್ಕೂಲಿನಲ್ಲಿ ಇದೇ ಮೇಷ್ಟ್ರ ಹತ್ತಿರ ಖೋ ಖೋ ಕಲಿತವಳು. ಲೆಕ್ಕ ಬರೆಯುವುದು ನನ್ನ ಕೆಲಸ, ಹಾಗಾಗಿ ನನಗೇ ಕೊಟ್ಟಿರಬೇಕು.

ಮನೆಗೆ ಬಂದು ನೋಟ್‌ಬುಕ್ ತೆರೆದೆ. 2003ರಿಂದ ಬರೆದಿದ್ದರು. ಯಾವ ವರ್ಷ ಯಾರು ಆಡಿದರು, ಯಾವ ಊರಲ್ಲಿ ಪಂದ್ಯ, ಎಷ್ಟು ಪಾಯಿಂಟಿನಲ್ಲಿ ಗೆದ್ದೆವು, ಎಷ್ಟರಲ್ಲಿ ಸೋತೆವು ಎಲ್ಲ ಇತ್ತು. 2006ರ ಪುಟದಲ್ಲಿ ನನ್ನ ಹೆಸರೂ ಇತ್ತು. ಬಲಗಡೆ ಖರ್ಚು: ಬಸ್ ಚಾರ್ಜು, ಬಾಳೆಹಣ್ಣು, ಗ್ಲೂಕೋಸ್, ಸುಣ್ಣದ ಪುಡಿ. ಎಡಗಡೆ 'ಜಮಾ' ಎಂದು ಬರೆದು ಗೆರೆ ಎಳೆದಿದ್ದರು. ಆ ಕಾಲಂ ಪ್ರತಿ ಪುಟದಲ್ಲೂ ಖಾಲಿ. ಹತ್ತೊಂಬತ್ತು ವರ್ಷ ಆ ಮನುಷ್ಯ ತಮ್ಮ ಸಂಬಳದಿಂದಲೇ ನಮ್ಮನ್ನು ಆಡಿಸಿದ್ದರು. ನಾವು ಯಾರೂ ಒಂದು ದಿನ ಕೇಳಿರಲಿಲ್ಲ.

ಆ ರಾತ್ರಿ ನಾನು ಒಂದು ತೀರ್ಮಾನಕ್ಕೆ ಬಂದೆ. ಎಡಗಡೆ ಕಾಲಂ ತುಂಬಬೇಕು. ಒಬ್ಬರ ಜೇಬಿನ ಮೇಲೆ ನಿಂತ ತಂಡ, ಆ ಒಬ್ಬರು ಎದ್ದು ಹೋದ ದಿನ ಮುಗಿದು ಹೋಗುತ್ತದೆ.

ಮೊದಲ ತಪ್ಪು ಮಾಡಿದ್ದು ನಾನೇ. ಹಳೇ ಆಟಗಾರರ ಒಂದು ವಾಟ್ಸಾಪ್ ಗುಂಪು ಮಾಡಿ, ನನ್ನ ಫೋನ್ ನಂಬರಿಗೆ ದುಡ್ಡು ಹಾಕಿ ಎಂದು ಬರೆದೆ. ಒಂದೇ ವಾರದಲ್ಲಿ ಹದಿನಾಲ್ಕು ಸಾವಿರ ಬಂತು. ತುಂಬ ಖುಷಿಯಾಯಿತು. ಆದರೆ ನನ್ನ ಅದೇ ಖಾತೆಗೆ ನನ್ನ ಸಂಬಳ ಬರುತ್ತದೆ, ಅದರಿಂದಲೇ ಚೀಟಿ ಕಟ್ಟುತ್ತೇನೆ, ಗ್ಯಾಸ್ ಬಿಲ್ ಹೋಗುತ್ತದೆ. ಎರಡು ತಿಂಗಳು ಕಳೆಯುವ ಹೊತ್ತಿಗೆ ಯಾವುದು ಕ್ಲಬ್ಬಿನದು, ಯಾವುದು ನನ್ನದು ಎಂದು ಬಿಡಿಸಲು ಪಾಸ್‌ಬುಕ್ ಹಿಡಿದು ಕೂರಬೇಕಾಯಿತು.

ಒಂದು ಸಂಜೆ ಒಬ್ಬ ಹುಡುಗಿಯ ಅಪ್ಪ ಡೇರಿಗೆ ಹಾಲು ತಂದವರು ಎಲ್ಲರ ಎದುರಿಗೇ ಕೇಳಿದರು. "ಅಲ್ಲ ಕಣವ್ವ, ಮಕ್ಕಳ ಆಟದ ದುಡ್ಡು ನಿನ್ನ ಅಕೌಂಟಲ್ಲಿ ಯಾಕೆ ಕುಂತದೆ?" ನನಗೆ ಮುಖ ಬಿಸಿಯಾಯಿತು. ಮನೆಗೆ ಹೋಗಿ ಅತ್ತೆ. ಬೆಳಿಗ್ಗೆ ಎದ್ದಾಗ ಅನ್ನಿಸಿತು: ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಡೇರಿಯ ದುಡ್ಡನ್ನು ನಾನು ನನ್ನ ಖಾತೆಯಲ್ಲಿ ಇಟ್ಟುಕೊಂಡರೆ ಊರು ಸುಮ್ನೆ ಇರುತ್ತದಾ? ಇದಕ್ಕೆ ಮಾತ್ರ ಬೇರೆ ನ್ಯಾಯ ಯಾಕೆ? ಆ ಪ್ರಶ್ನೆಯಿಂದಲೇ ನಮ್ಮ ಕ್ಲಬ್ ನಿಜವಾಗಿ ಶುರುವಾಯಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅವರೇ ಮುಂದೆ ನಮ್ಮ ಸಮಿತಿಗೆ ಸೇರಿದರು.

ಸಂಘ ನೋಂದಣಿ ಮಾಡಿಸಬೇಕು ಎಂದಾಗ ಹಲವರು ಬೇಡ ಎಂದರು. "ಆಟ ಆಡೋಕೆ ಸರ್ಕಾರಿ ಕಾಗದ ಯಾಕೆ?" ಎನ್ನುವುದು ಅವರ ವಾದ. ನಿಜ, ಆಡುವುದಕ್ಕೆ ಬೇಡ. ಆದರೆ ಬ್ಯಾಂಕ್ ಖಾತೆಗೆ ಬೇಕು, ಪ್ಯಾನ್ ಕಾರ್ಡಿಗೆ ಬೇಕು, ಯಾವುದೇ ಇಲಾಖೆಗೆ ಅರ್ಜಿ ಕೊಟ್ಟರೂ ಮೊದಲು ಕೇಳುವುದು ಅದನ್ನೇ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಕನಿಷ್ಠ ಏಳು ಜನ ಸೇರಿದರೆ ಸಂಘ ಮಾಡಬಹುದು. ಕ್ರೀಡೆಯ ಉದ್ದೇಶಕ್ಕೂ ಅದರಲ್ಲಿ ಅವಕಾಶ ಇದೆ. ನಾವು ಹನ್ನೊಂದು ಜನ ಸೇರಿದೆವು, ಅದರಲ್ಲಿ ಆರು ಹೆಂಗಸರು. ಆಡುವ ಮಕ್ಕಳಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಹಾಗಾಗಿ ಅದು ಹಾಗೇ ಇರಬೇಕು ಎಂದು ನಾನು ಹಟ ಹಿಡಿದೆ.

ಪೇಟೆಯಲ್ಲಿ ಒಬ್ಬ ಮಧ್ಯವರ್ತಿ ಎಲ್ಲ ತಾನೇ ಮಾಡಿಕೊಡುತ್ತೇನೆ ಎಂದು ದೊಡ್ಡ ಮೊತ್ತ ಕೇಳಿದ. ಬೈಲಾ, ಅಂದರೆ ಸಂಘದ ನಿಯಮಗಳನ್ನು ತೋರಿಸು ಎಂದರೆ ಯಾವುದೋ ವಿದ್ಯಾಸಂಸ್ಥೆಯ ಬೈಲಾದಲ್ಲಿ ಹೆಸರು ಬದಲಿಸಿ ಇಟ್ಟಿದ್ದ. ಅದರಲ್ಲಿ ಹಾಸ್ಟೆಲ್ ನಡೆಸುವುದು, ಪುಸ್ತಕ ಅಚ್ಚು ಹಾಕುವುದು ಎಲ್ಲ ಇತ್ತು, ಖೋ ಖೋ ಮಾತ್ರ ಇರಲಿಲ್ಲ. ಬೇಡ ಎಂದು ಎದ್ದು ಬಂದೆ.

ನಾವೇ ಕೂತು ಬರೆದೆವು. ಡೇರಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಭಾನುವಾರ. ಅದು ಬೇಸರದ ಕೆಲಸ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಬೈಲಾ ಬರೆಯುವಾಗಲೇ ಮನಸ್ಸಿನಲ್ಲಿದ್ದ ಮಾತೆಲ್ಲ ಹೊರಗೆ ಬಂತು. ಪದಾಧಿಕಾರಿಗಳಿಗೆ ಸಂಬಳ ಇಲ್ಲ ಎಂದು ಬರೆದೆವು. ಖರ್ಚು ಮಾಡಿದ್ದಕ್ಕೆ ಬಿಲ್ ಕೊಟ್ಟರೆ ಮಾತ್ರ ವಾಪಸ್. ಒಬ್ಬರೇ ಸತತ ಎರಡು ವರ್ಷಕ್ಕಿಂತ ಜಾಸ್ತಿ ಖಜಾಂಚಿ ಆಗುವ ಹಾಗಿಲ್ಲ. ಚುನಾವಣೆಗೆ ನಿಂತವರು ಸಮಿತಿಯಿಂದ ಹೊರಗೆ ಇರಬೇಕು. ಈ ಕೊನೆಯದಕ್ಕೆ ಎರಡು ಗಂಟೆ ಜಗಳ ಆಯಿತು. ಪಂಚಾಯ್ತಿ ಸದಸ್ಯರೊಬ್ಬರು ಬೇಸರ ಮಾಡಿಕೊಂಡು ಎದ್ದು ಹೋದರು, ಆಮೇಲೆ ತಾವೇ ಬಂದು ಸರಿ ಎಂದರು.

ಸಂಘ ಮುಚ್ಚಿದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ, ಅಂಥದ್ದೇ ಇನ್ನೊಂದು ಸಂಘಕ್ಕೆ ಕೊಡಬೇಕು. ಅದನ್ನು ಓದಿ ಹೇಳಿದಾಗ ಒಬ್ಬ ಅಜ್ಜ, "ಹಂಗಾದ್ರೆ ಇದು ದೇವಸ್ಥಾನದ ಹುಂಡಿ ಇದ್ದಂಗೆ" ಎಂದರು. ನಾನು ಆಮೇಲೆ ಎಲ್ಲರಿಗೂ ಹಾಗೆಯೇ ಹೇಳಿ ಅರ್ಥ ಮಾಡಿಸಿದೆ.

ಅರ್ಜಿ ಒಂದು ಸಲ ವಾಪಸ್ ಬಂತು. ನಾವು ಕೇಳಿದ್ದ ಹೆಸರು ಆಗಲೇ ಇದ್ದ ಒಂದು ಸಂಘದ ಹೆಸರಿಗೆ ತೀರಾ ಹತ್ತಿರ ಇತ್ತು. ಇನ್ನೊಂದು ಆಕ್ಷೇಪಣೆ ವಿಳಾಸದ್ದು. ಕ್ಲಬ್ಬಿಗೆ ಮನೆ ಎಲ್ಲಿದೆ? ಕೊನೆಗೆ ಮೇಷ್ಟ್ರೇ ತಮ್ಮ ಮನೆಯ ಹೊರಗಿನ ಕೋಣೆಗೆ ಒಪ್ಪಿಗೆ ಪತ್ರ ಬರೆದುಕೊಟ್ಟರು, ಕಂದಾಯದ ರಸೀದಿಯ ಜೊತೆ. 2023ರ ಫೆಬ್ರವರಿಯಲ್ಲಿ ಪ್ರಮಾಣಪತ್ರ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ನಾನು ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕ ಇಲ್ಲ.

ಆ ಮೇಲೆ ಪ್ಯಾನ್ ಕಾರ್ಡ್, ಆ ಮೇಲೆ ಬ್ಯಾಂಕ್. ಖಾತೆ ತೆರೆಯಲು ಸಮಿತಿಯ ಠರಾವು, ಬೈಲಾ, ಪ್ರಮಾಣಪತ್ರ, ಎಲ್ಲರ ಆಧಾರ್ ಕೇಳಿದರು. ಮೂವರ ಸಹಿ ಕೊಟ್ಟೆವು, ದುಡ್ಡು ತೆಗೆಯಲು ಇಬ್ಬರ ಸಹಿ ಬೇಕು ಎಂದು ಬರೆಸಿದೆವು. ಆ ಮೂವರಲ್ಲಿ ಒಬ್ಬರ ಮನೆಯವರು ಇನ್ನೊಬ್ಬರು ಆಗಿರಬಾರದು ಎಂದೂ ನಮ್ಮಷ್ಟಕ್ಕೆ ಮಾಡಿಕೊಂಡೆವು. ಖಾತೆ ಆದ ದಿನವೇ ನನ್ನ ಹತ್ತಿರ ಉಳಿದಿದ್ದ ಕ್ಲಬ್ಬಿನ ದುಡ್ಡನ್ನು ಪೈಸೆ ಬಿಡದೆ ಅದಕ್ಕೆ ಹಾಕಿ ರಸೀದಿಯನ್ನು ಗುಂಪಿಗೆ ಕಳಿಸಿದೆ. ಆ ರಾತ್ರಿ ಬಹಳ ದಿನದ ನಂತರ ಚೆನ್ನಾಗಿ ನಿದ್ದೆ ಬಂತು.

ಖೋ ಖೋ ಬಡವರ ಆಟ ಎನ್ನುತ್ತಾರೆ. ಒಂದು ಲೆಕ್ಕದಲ್ಲಿ ಹೌದು. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಒಂದು ವಿಶಲ್ ಇದ್ದರೆ ಆಟ ಶುರು. ಆದರೆ ಅಂಕಣಕ್ಕೆ ಒಂಬತ್ತು ಜನ ಇಳಿಯುತ್ತಾರೆ, ತಂಡಕ್ಕೆ ಹನ್ನೆರಡು ಜನ ಬೇಕು. ಯಾವುದು ಒಂದು ರೂಪಾಯಿಯೋ ಅದು ಹನ್ನೆರಡು ರೂಪಾಯಿ ಆಗುತ್ತದೆ. ಹನ್ನೆರಡು ಜರ್ಸಿ, ಹನ್ನೆರಡು ಜೊತೆ ಶೂ, ಹನ್ನೆರಡು ಊಟ, ಹನ್ನೆರಡು ಬಸ್ ಟಿಕೆಟ್. ಮೇಷ್ಟ್ರ ನೋಟ್‌ಬುಕ್ಕನ್ನು ಕೂಡಿಸಿ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಬಸ್ ಚಾರ್ಜೇ ಆಗಿತ್ತು.

ಹಾಗಾಗಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದದ್ದು ನಮಗೆ ಎಷ್ಟು ದೊಡ್ಡದು ಎಂದು ಆಟದ ಖರ್ಚು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಹೆಣ್ಣುಮಕ್ಕಳ ತಂಡ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಹೋಗಿ ಬರಲು ಸಾಧ್ಯವಾಯಿತು. ಆಧಾರ್ ಜೆರಾಕ್ಸ್ ಒಂದು ಕವರಿನಲ್ಲಿ ಹಾಕಿ ಇಟ್ಟುಕೊಂಡೆವು. ಮೊದಲು ವರ್ಷಕ್ಕೆ ಮೂರು ಪಂದ್ಯಾವಳಿಗೆ ಹೋಗುತ್ತಿದ್ದ ಹುಡುಗಿಯರು ಆ ವರ್ಷ ಏಳಕ್ಕೆ ಹೋದರು. ಉಳಿದ ದುಡ್ಡಿನಲ್ಲಿ ಶೂ ಬಂತು. ಹುಡುಗರ ತಂಡಕ್ಕೆ ಟಿಕೆಟ್ ಖರ್ಚು ಹಾಗೇ ಇದೆ. ಹೆಣ್ಣುಮಕ್ಕಳ ದುಡ್ಡು ಹುಡುಗರ ಕಡೆ ಹರಿಯದಂತೆ ಎರಡು ತಂಡಕ್ಕೂ ಬೇರೆ ಬೇರೆ ಪುಟ ಇಟ್ಟೆವು.

ಈಗ ಗೋಡೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ತಿಂಗಳ ಐದನೇ ತಾರೀಖು ಒಂದು ಹಾಳೆಯಲ್ಲಿ ಜಮಾ, ಖರ್ಚು, ಉಳಿಕೆ ಬರೆದು ಡೇರಿಯ ಹೊರಗೋಡೆಗೆ ಅಂಟಿಸುತ್ತೇವೆ. ಗೋಡೆಗೆ ಅಂಟಿಸುವುದಕ್ಕೂ ಡೇರಿಯ ಆಡಳಿತ ಮಂಡಳಿಯ ಒಪ್ಪಿಗೆ ಕೇಳಿ ನಡವಳಿಯಲ್ಲಿ ಬರೆಸಿದೆ. ಡೇರಿಯ ದುಡ್ಡಿಗೂ ಕ್ಲಬ್ಬಿನ ದುಡ್ಡಿಗೂ ಗೆರೆ ಗಟ್ಟಿ ಇರಬೇಕು. ನಾನು ಎರಡೂ ಕಡೆ ಇರುವುದರಿಂದ ಇನ್ನೂ ಜಾಸ್ತಿ ಗಟ್ಟಿ ಇರಬೇಕು.

ದಿನಕ್ಕೆ ಎರಡು ಹೊತ್ತು ಹಾಲು ಹಾಕಲು ಬರುವವರು ಸಾಲಿನಲ್ಲಿ ನಿಂತಾಗ ಅದನ್ನು ಓದುತ್ತಾರೆ. ಓದಲು ಬರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಮೊದಲ ತಿಂಗಳು ಪ್ರಶ್ನೆಗಳ ಮಳೆ. "ನೋವಿನ ಸ್ಪ್ರೇಗೆ ಇಷ್ಟೊಂದಾ?" "ಬಾಳೆಹಣ್ಣು ನಮ್ಮ ತೋಟದಲ್ಲೇ ಇತ್ತಲ್ಲ, ಕೊಂಡಿದ್ದು ಯಾಕೆ?" ಎರಡನೇ ತಿಂಗಳು ಆ ತೋಟದವರು ಒಂದು ಗೊನೆ ತಂದು ಇಟ್ಟರು. ಮೂರನೇ ತಿಂಗಳಿಗೆ ಒಂದು ಮಾತು ಬಂತು: ಹದಿನೈದು ದಿನಕ್ಕೊಮ್ಮೆ ಬಟವಾಡೆ ಆದಾಗ ಇಷ್ಟ ಇದ್ದವರು ಇಪ್ಪತ್ತು ರೂಪಾಯಿ ಕೊಡೋಣ. ನಾನು ಕೇಳಿರಲಿಲ್ಲ. ಹಾಲಿನ ಕ್ಯಾನು ಹಿಡಿದು ನಿಂತ ಹೆಂಗಸರೇ ಹೇಳಿದ್ದು.

ಬಟವಾಡೆಯಿಂದ ಕಡಿತ ಮಾಡುವುದು ಬೇಡ ಎಂದೆ. ಆಗ ಅದು ಬಲವಂತ ಆಗುತ್ತದೆ, ಕೊಡದವರಿಗೆ ಮುಜುಗರ. ಹೊರಗೆ ಒಂದು ರಸೀದಿ ಪುಸ್ತಕ, ಒಂದು ಡಬ್ಬಿ, ಕ್ಲಬ್ ಖಾತೆಯ ಕ್ಯೂಆರ್ ಕೋಡ್ ಇಟ್ಟೆವು. ಇಪ್ಪತ್ತು ರೂಪಾಯಿಗೂ ರಸೀದಿ. ಅರವತ್ತು ಎಪ್ಪತ್ತು ಮನೆಯವರು ಕೊಡುತ್ತಾರೆ. ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು. ಕೇಳಲು ಸಣ್ಣದು. ಆದರೆ ಅದು ತಪ್ಪದೆ ಬರುತ್ತದೆ. ಒಂದು ಸಲ ದೊಡ್ಡ ದಾನಿ ಕೊಟ್ಟ ಐವತ್ತು ಸಾವಿರಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ದೊಡ್ಡ ದಾನಿ ಮುಂದಿನ ವರ್ಷ ಕೊಡದೆ ಇರಬಹುದು. ಇಪ್ಪತ್ತು ರೂಪಾಯಿ ಕೊಡುವ ತಾಯಿ ಮೈದಾನದ ಕಡೆ ನೋಡಿಕೊಂಡೇ ಮನೆಗೆ ಹೋಗುತ್ತಾಳೆ.

ಮೈದಾನ ಶಾಲೆಯದು. ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿಸಿ ಲಿಖಿತ ಅನುಮತಿ ಪಡೆದೆವು. ಶಾಲೆ ಬಿಟ್ಟ ಮೇಲೆ, ಗೇಟಿನ ಕೀ ಒಬ್ಬರ ಹತ್ತಿರ, ಕತ್ತಲಾಗುವ ಮುಂಚೆ ಮುಗಿಸಬೇಕು. ಮೊದಲು ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಮುಖ್ಯ ಶಿಕ್ಷಕರು ವರ್ಗವಾದಾಗ ಒಂದು ತಿಂಗಳು ಗೇಟು ತೆರೆಯಲೇ ಇಲ್ಲ. ಕಾಗದ ಇದ್ದರೆ ಹೊಸಬರು ಬಂದರೂ ಮಾತು ಉಳಿಯುತ್ತದೆ.

ಮೈದಾನದ ಒಂದು ಮೂಲೆ ಇಳಿಜಾರು, ಮಳೆ ಬಂದರೆ ನೀರು ನಿಲ್ಲುತ್ತಿತ್ತು. ಶಾಸಕರ ನಿಧಿ ಕೇಳಿ ಎಂದು ಹಲವರು ಹೇಳಿದರು. ನಾವು ಗ್ರಾಮಸಭೆಯಲ್ಲಿ ನರೇಗಾ ಕೆಲಸವಾಗಿ ಕೇಳಿದೆವು. ಆಟದ ಮೈದಾನ ಆ ಯೋಜನೆಯಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿತ್ತು. ಅದರಲ್ಲಿ ಕೂಲಿಯ ಪಾಲು ಕನಿಷ್ಠ ಶೇ 60 ಇರಬೇಕಿತ್ತು, ಹಾಗಾಗಿ ಮಣ್ಣು ಅಗೆದು ಸಮ ಮಾಡುವಂಥ ಕೆಲಸಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. ಕ್ರಿಯಾ ಯೋಜನೆಗೆ ಸೇರಿ, ಮಂಜೂರಾಗಿ, ಕೆಲಸ ಶುರುವಾಗಲು ಒಂದು ವರ್ಷದ ಮೇಲಾಯಿತು. ಕ್ಲಬ್ಬಿನ ಖಾತೆಗೆ ಒಂದು ರೂಪಾಯಿ ಬರಲಿಲ್ಲ. ಆದರೆ ಮೈದಾನ ಸಮ ಆಯಿತು, ನಮ್ಮೂರಿನವರಿಗೆ ಕೂಲಿ ಸಿಕ್ಕಿತು. ಆಡುವ ಮಕ್ಕಳ ತಾಯಂದಿರೇ ಅಲ್ಲಿ ಮಣ್ಣು ಹೊತ್ತರು.

ನಮಗೆ ಜಾಸ್ತಿ ಪೆಟ್ಟು ಕೊಟ್ಟದ್ದು ನಾವೇ ನಡೆಸಿದ ಪಂದ್ಯಾವಳಿ. 2023ರ ಡಿಸೆಂಬರಿನಲ್ಲಿ 'ಹೊನಲು ಬೆಳಕಿನ ಖೋ ಖೋ ಪಂದ್ಯಾವಳಿ' ಎಂದು ಕರಪತ್ರ ಹಾಕಿಸಿದೆವು. ಹದಿನಾರು ತಂಡ. ಪ್ರವೇಶ ಶುಲ್ಕ ಐನೂರು. ಒಬ್ಬ ಮುಖಂಡರು ಮೊದಲ ಬಹುಮಾನದ ದುಡ್ಡು ತಾವೇ ಕೊಡುತ್ತೇವೆ ಎಂದು ಮಾತು ಕೊಟ್ಟರು. ನಾವು ಅದನ್ನು ನಂಬಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದೆವು. ಪಂದ್ಯದ ದಿನ ಅವರು ಬಂದು ಕಂಬಕ್ಕೆ ಪೂಜೆ ಮಾಡಿ, ಮಾತಾಡಿ, ಫೋಟೋ ತೆಗೆಸಿಕೊಂಡು ಹೋದರು. ದುಡ್ಡು ಬರಲಿಲ್ಲ. ರಾತ್ರಿ ಫೈನಲ್ ನಡೆಯುತ್ತಿದ್ದಾಗ ನಾವು ನಾಲ್ಕು ಜನ ಶಾಲೆಯ ಜಗಲಿಯಲ್ಲಿ ಕೂತು ಯಾರ ಹತ್ತಿರ ಎಷ್ಟಿದೆ ಎಂದು ಎಣಿಸುತ್ತಿದ್ದೆವು. ಗೆದ್ದ ತಂಡ ಬೇರೆ ತಾಲ್ಲೂಕಿನದು. ಅವರ ಮುಂದೆ ಊರಿನ ಮಾನ ಹೋಗಬಾರದು. ನನ್ನ ಗಂಡ ಟ್ರ್ಯಾಕ್ಟರ್ ಕಂತಿಗೆ ಇಟ್ಟಿದ್ದ ಹತ್ತು ಸಾವಿರ ತಂದು ಕೊಟ್ಟರು. ಉಳಿದದ್ದು ಮೂವರ ಕೈಸಾಲ.

ಆ ಸಾಲ ತೀರಲು ಆರು ತಿಂಗಳಾಯಿತು. ಅದನ್ನೂ ಗೋಡೆಯ ಹಾಳೆಯಲ್ಲಿ ಬರೆದೆವು. 'ಪಂದ್ಯಾವಳಿ ನಷ್ಟ 23,650, ಕೈಸಾಲ ಬಾಕಿ 18,000' ಎಂದು. ಸಮಿತಿಯಲ್ಲಿ ಕೆಲವರು ಬೇಡ ಎಂದಿದ್ದರು, ಊರಲ್ಲಿ ನಗುತ್ತಾರೆ ಎಂದು. ಯಾರೂ ನಗಲಿಲ್ಲ. ಅದನ್ನು ಓದಿಯೇ ಭತ್ತದ ಗಿರಣಿಯವರು ಬಂದು, "ಮುಂದಿನ ಸಲ ಅಕ್ಕಿ ನಮ್ಮದು ಕಣಮ್ಮ" ಎಂದರು.

ಮುಂದಿನ ವರ್ಷ ಹೇಗೆ ಮಾಡಿದೆವು ಎಂದರೆ, ಖಾತೆಗೆ ದುಡ್ಡು ಬೀಳದೆ ಯಾವ ಬಹುಮಾನವನ್ನೂ ಕರಪತ್ರದಲ್ಲಿ ಹಾಕಲಿಲ್ಲ. ತಂಡಗಳನ್ನು ಹತ್ತಕ್ಕೆ ಇಳಿಸಿದೆವು. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಹೊರಗಿನಿಂದ ಬಂದ ಹೆಣ್ಣುಮಕ್ಕಳು ರಾತ್ರಿ ವಾಪಸ್ ಹೋಗುವುದು ಕಷ್ಟ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಸಂಜೆ ಆರಕ್ಕೆ ಮುಗಿಸಿದೆವು. ಲೈಟಿನ ಬಾಡಿಗೆ, ಕರೆಂಟ್ ಕಂಪನಿ ಸೆಸ್ಕ್‌ನ ತಾತ್ಕಾಲಿಕ ಸಂಪರ್ಕ, ಜನರೇಟರ್ ಎಲ್ಲ ಉಳಿಯಿತು. ಹೊನಲು ಬೆಳಕು ನೋಡಲು ಚೆಂದ, ನಿಜ. ಆದರೆ ಹಗಲಿನ ಬೆಳಕು ಬಿಟ್ಟಿ.

ಅಡುಗೆ ಸ್ತ್ರೀಶಕ್ತಿ ಸಂಘದವರದು. ಗಿರಣಿಯ ಅಕ್ಕಿ, ಮನೆಮನೆಯ ತರಕಾರಿ, ತೆಂಗಿನಕಾಯಿ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಮಜ್ಜಿಗೆ. ಹೀಗೆ ಬಂದ ವಸ್ತುಗಳಿಗೂ ಒಂದು ಪುಟ ಮಾಡಿ, ಯಾರು ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು ಎಂದು ಬರೆದೆವು. ವರ್ಷದ ಕೊನೆಗೆ ಕೂಡಿಸಿದರೆ ಬಂದ ನಗದಿಗಿಂತ ಅದೇ ಜಾಸ್ತಿ ಇತ್ತು. ಬರೆಯದೆ ಇದ್ದಿದ್ದರೆ ಆ ಪಂದ್ಯಾವಳಿಗೆ ನಿಜವಾಗಿ ಎಷ್ಟು ಖರ್ಚಾಯಿತು ಎಂದು ನಮಗೇ ಗೊತ್ತಾಗುತ್ತಿರಲಿಲ್ಲ. ಆ ಸಲ ಎಲ್ಲ ಕಳೆದು ನಾಲ್ಕು ಸಾವಿರ ಉಳಿಯಿತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನೊಬ್ಬ ಇಪ್ಪತ್ತೈದು ಸಾವಿರ ಕೊಡುತ್ತೇನೆ, 80ಜಿ ಇದೆಯಾ ಅಕ್ಕ ಎಂದು ಕೇಳಿದ. ಇರಲಿಲ್ಲ. ಪೇಟೆಯ ಆಡಿಟರ್ ಹತ್ತಿರ ಹೋದೆ. ಅವರು ಆಗಿದ್ದ ಆದಾಯ ತೆರಿಗೆ ಕಾಯ್ದೆಯ ನಿಯಮವನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಬೇಕಾದರೆ 12ಎ ನೋಂದಣಿ, ಕೊಡುವವರಿಗೆ ವಿನಾಯಿತಿ ಬೇಕಾದರೆ 80ಜಿ. ಮೊದಲು ತಾತ್ಕಾಲಿಕ ನೋಂದಣಿ, ಆಮೇಲೆ ಪಕ್ಕಾ ಮಾಡಿಸಿಕೊಳ್ಳಬೇಕು. ದಾನಿಗಳ ವಿವರವನ್ನು ಪ್ರತಿ ವರ್ಷ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಅವರಿಗೆ ಪ್ರಮಾಣಪತ್ರ ಕೊಡಬೇಕು. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ದಾನಕ್ಕೆ ವಿನಾಯಿತಿ ಸಿಗುವುದಿಲ್ಲ.

ಎಲ್ಲ ಮಾಡಿಸಿ ಅವನಿಗೆ ಫೋನ್ ಮಾಡಿದರೆ, ಅವನು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದ. ಅದರಲ್ಲಿ 80ಜಿ ವಿನಾಯಿತಿ ಇಲ್ಲ. "ಪರವಾಗಿಲ್ಲ ಅಕ್ಕ, ಹಾಕಿದೀನಿ ನೋಡಿ" ಎಂದ. ಹಾಕಿದ್ದ. ಆಮೇಲೆ ನಾನು ಕಂಡುಕೊಂಡದ್ದು ಇದು: ಊರಿನ ಮೇಲೆ ಪ್ರೀತಿ ಇರುವವರು ವಿನಾಯಿತಿ ಇರಲಿ ಬಿಡಲಿ ಕೊಡುತ್ತಾರೆ. ಅವರು ಕೇಳುವುದು ದುಡ್ಡು ಎಲ್ಲಿ ಹೋಯಿತು ಎಂದು ಮಾತ್ರ. ಅವನಿಗೆ ನಾವು ಕಳಿಸಿದ ಫೋಟೋದಲ್ಲಿ ಹನ್ನೆರಡು ಜೊತೆ ಶೂ ಸಾಲಾಗಿ ಇದ್ದವು, ಬಿಲ್ಲಿನ ಜೊತೆ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡಿಗೂ ಪ್ರಯತ್ನ ಮಾಡಿದೆವು. ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿ ಇದೆ. ಆದರೆ ಆ ದುಡ್ಡು ಪಡೆಯುವ ಸಂಘಕ್ಕೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, ಸಿಎಸ್‌ಆರ್-1 ನೋಂದಣಿ ಬೇಕು. ನಮಗೆ ಆಗ ಒಂದೂವರೆ ವರ್ಷ. ಮೇಷ್ಟ್ರ ಹತ್ತೊಂಬತ್ತು ವರ್ಷ ಯಾವ ಕಾಗದದಲ್ಲೂ ಇರಲಿಲ್ಲ. ಅದು ನನಗೆ ತುಂಬ ನೋವು ಕೊಟ್ಟಿತು. ಮೇಷ್ಟ್ರಿಗೆ ಹೇಳಿದರೆ, "ಅದನ್ನೆಲ್ಲ ಎಣಿಸಬೇಡವ್ವ" ಎಂದು ಬೇರೆ ಮಾತು ತೆಗೆದರು.

ದುಡ್ಡಿಗಿಂತ ಕಷ್ಟ ಜನರ ಸಮಯ. ಮೊದಲ ವರ್ಷ ಎಲ್ಲವೂ ನಾನು ಮತ್ತು ಇನ್ನಿಬ್ಬರು. ಮೂವರೂ ಸುಸ್ತಾಗಿ ಹೋದೆವು, ಒಬ್ಬರು ಬಿಟ್ಟೇ ಬಿಟ್ಟರು. "ಯಾರಾದರೂ ಸಹಾಯ ಮಾಡಿ" ಎಂದು ಗುಂಪಿನಲ್ಲಿ ಬರೆದರೆ ಕೈಮುಗಿದ ಚಿತ್ರ ಬರುತ್ತಿತ್ತು, ಜನ ಬರುತ್ತಿರಲಿಲ್ಲ. ಆಮೇಲೆ ಕೆಲಸವನ್ನು ಸಣ್ಣ ಸಣ್ಣದಾಗಿ ಒಡೆದೆವು. ಮಂಗಳವಾರ ಗೆರೆ ಹಾಕುವುದು ಯಾರು? ಶನಿವಾರ ನೀರಿನ ಕ್ಯಾನು ಯಾರು? ಜರ್ಸಿ ಒಗೆಯುವುದು ಈ ತಿಂಗಳು ಯಾರ ಮನೆ? ಹೀಗೆ ಕೇಳಿದಾಗ ಇಲ್ಲ ಎಂದವರು ಕಡಿಮೆ. ಆಟೋ ಓಡಿಸುವ ಅಣ್ಣ ಒಬ್ಬರಿಗೆ ಸಭೆಗೆ ಬರಲು ಆಗುವುದೇ ಇಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಮಕ್ಕಳನ್ನು ಬಸ್ ಸ್ಟ್ಯಾಂಡಿಗೆ ಬಿಡುವ ಕೆಲಸ ಒಂದು ದಿನವೂ ತಪ್ಪಿಸಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಯಾರಿಗೂ ಸಲಿಗೆ ಕೊಡುವುದಿಲ್ಲ. ಹೊರಗೆ ಆಡಲು ಹೋಗುವಾಗ ಹುಡುಗಿಯರ ಜೊತೆ ಇಬ್ಬರು ಹೆಂಗಸರು ಇರಲೇಬೇಕು. ಹೆತ್ತವರ ಸಹಿ ಇರುವ ಪತ್ರ ಬೇಕು. ತರಬೇತಿ ಕೊಡುವವರು ಯಾರೇ ಆಗಲಿ, ಒಂದು ಮಗುವನ್ನು ಒಂಟಿಯಾಗಿ ಕರೆದುಕೊಂಡು ಹೋಗುವ ಹಾಗಿಲ್ಲ. ಹೆಂಗಸರು ಸಿಗದೆ ಎರಡು ಸಲ ಪಂದ್ಯವನ್ನೇ ಬಿಟ್ಟಿದ್ದೇವೆ. ಮಕ್ಕಳು ಅತ್ತರು. ಆದರೂ ಬಿಟ್ಟೆವು.

ಇನ್ನೊಂದು ಸಲ ಒಬ್ಬ ಹುಡುಗಿ ಕಂಬಕ್ಕೆ ಬಡಿದು ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಮುಂಗಡ ಕೇಳಿದಾಗ ಚೆಕ್ಕಿಗೆ ಇಬ್ಬರ ಸಹಿ ಬೇಕು, ಇನ್ನೊಬ್ಬರು ಗದ್ದೆಯಲ್ಲಿದ್ದರು. ಆವತ್ತಿನಿಂದ ಐದು ಸಾವಿರ ನಗದು ತುರ್ತು ಖರ್ಚಿಗೆಂದು ಬೇರೆ ಲಕೋಟೆಯಲ್ಲಿ, ಠರಾವು ಮಾಡಿ, ತಂಡದ ಜೊತೆ ಹೋಗುವವರ ಕೈಲಿ ಕೊಡುತ್ತೇವೆ. ಕಂಬಕ್ಕೆ ಸುತ್ತಲು ದಪ್ಪ ಫೋಮ್ ತಂದೆವು, ಅಭ್ಯಾಸದ ಹೊತ್ತಿನಲ್ಲಿ ಅದು ಇರಲೇಬೇಕು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಗಂಡಸರು, ಹೆಂಗಸರು ಎರಡೂ ತಂಡ ಫೈನಲಿನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದವು. ಹೆಂಗಸರ ತಂಡದಲ್ಲಿ ನಮ್ಮದೇ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಫೈನಲ್ ದಿನ ಮೇಷ್ಟ್ರ ಮನೆಯ ಹೊರಕೋಣೆಯಲ್ಲಿ, ಅಂದರೆ ನಮ್ಮ ಕ್ಲಬ್ಬಿನ ಕಚೇರಿಯಲ್ಲಿ, ಮೂವತ್ತು ಮಕ್ಕಳು ಒಂದು ಟೀವಿಯ ಮುಂದೆ ಕೂತಿದ್ದರು. ಮಾರನೇ ವಾರ ಮೈದಾನಕ್ಕೆ ಇಪ್ಪತ್ತೆರಡು ಹೊಸ ಹುಡುಗಿಯರು ಬಂದರು. ಖುಷಿ ಒಂದು ಕಡೆ, ಇಷ್ಟು ಜನಕ್ಕೆ ಶೂ ಎಲ್ಲಿಂದ ತರುವುದು ಎನ್ನುವ ಚಿಂತೆ ಇನ್ನೊಂದು ಕಡೆ. ಯಾರನ್ನೂ ವಾಪಸ್ ಕಳಿಸಬಾರದು ಎಂದು ತೀರ್ಮಾನಿಸಿದೆವು. ಮೂರು ತಿಂಗಳು ತಪ್ಪದೆ ಬಂದವರಿಗೆ ಶೂ, ಅಲ್ಲಿಯವರೆಗೆ ಬರಿಗಾಲಿನಲ್ಲಿ ಮೆತ್ತನೆ ಮಣ್ಣಿನ ಕಡೆ ಅಭ್ಯಾಸ. ಹದಿನೈದು ಜನ ಉಳಿದರು.

ಈ ವರ್ಷದ ಮಹಾಸಭೆಯಲ್ಲಿ ಖಜಾಂಚಿಯಾಗಿ ನನ್ನ ಎರಡು ವರ್ಷದ ಕೆಲಸ ಮುಗಿಯಿತು. ಸಭೆ ಆಗಿ 14 ದಿನದೊಳಗೆ ಆಡಿಟ್ ಆದ ಲೆಕ್ಕ ಮತ್ತು ಹೊಸ ಸಮಿತಿಯ ಪಟ್ಟಿ ನೋಂದಣಿ ಕಚೇರಿಗೆ ಹೋಗಬೇಕು. ಅದನ್ನು ತಪ್ಪಿಸಬೇಡಿ ಎಂದು ಇಂಥ ಸಂಘ ನಡೆಸುವ ಎಲ್ಲರಿಗೂ ನಾನು ಹೇಳುತ್ತಿರುತ್ತೇನೆ. ಎಷ್ಟೋ ಯುವಕ ಸಂಘಗಳು ನೋಂದಣಿ ಮಾಡಿಸಿ, ಆಮೇಲೆ ವರ್ಷಗಟ್ಟಲೆ ಏನೂ ಕೊಡದೆ, ದಂಡ ಕಟ್ಟಲು ದುಡ್ಡಿಲ್ಲದೆ ನಿಂತಿರುವುದನ್ನು ನೋಡಿದ್ದೇನೆ.

ಹೊಸ ಖಜಾಂಚಿ ಹತ್ತೊಂಬತ್ತು ವರ್ಷದ ಹುಡುಗಿ. ಬಿ.ಕಾಂ. ಎರಡನೇ ವರ್ಷ. ನಮ್ಮ ತಂಡದಲ್ಲೇ ಆಡಿ ಬೆಳೆದವಳು. ಇಷ್ಟು ಚಿಕ್ಕವಳಿಗೆ ದುಡ್ಡಿನ ಜವಾಬ್ದಾರಿ ಯಾಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಮೊದಲ ವರ್ಷ ನನ್ನನ್ನು ಪ್ರಶ್ನೆ ಮಾಡಿದ ಆ ಅಪ್ಪನೇ ಎದ್ದು ನಿಂತು, "ಗೋಡೆ ಮೇಲೆ ಹಾಕ್ತಾರಲ್ಲ, ನೋಡ್ಕೊಂಡರಾಯ್ತು ಬಿಡಿ" ಎಂದರು.

ಮಾರನೇ ದಿನ ಸಂಜೆ ಅವಳು ಡೇರಿಗೆ ಬಂದಳು. ಪುಸ್ತಕ, ವೋಚರ್ ಕಟ್ಟು, ರಸೀದಿ ಪುಸ್ತಕ, ಲಕೋಟೆ ಎಲ್ಲ ಮೇಜಿನ ಮೇಲೆ ಹರಡಿದೆ. ಅವಳು ದುಡ್ಡು ಎಣಿಸಿದಳು. ಪುಸ್ತಕಕ್ಕಿಂತ ನೂರ ಎಂಬತ್ತು ರೂಪಾಯಿ ಕಡಿಮೆ. ನನ್ನ ಪರ್ಸಿನಿಂದ ತೆಗೆದು ಇಡಲು ಹೋದೆ.

"ಬೇಡ ಅಕ್ಕ, ಹುಡುಕೋಣ" ಎಂದಳು.

ಹಾಲಿನ ಸರದಿ ಮುಗಿದು, ಕ್ಯಾನುಗಳನ್ನು ತೊಳೆದು, ದೀಪ ಹಾಕಿದ ಮೇಲೂ ನಾವಿಬ್ಬರು ಒಂದೊಂದೇ ವೋಚರ್ ತಿರುಗಿಸುತ್ತಾ ಕೂತಿದ್ದೆವು. ಸುಮಾರು ಎಂಟು ಗಂಟೆಗೆ ಸಿಕ್ಕಿತು. ಸುಣ್ಣದ ಪುಡಿಯ ಬಿಲ್, ಆಗಸ್ಟ್ ತಿಂಗಳದ್ದು, ಅಳತೆ ಟೇಪಿನ ಡಬ್ಬಿಯೊಳಗೆ ಮಡಚಿ ಹೋಗಿತ್ತು. ಅವಳು ಅದನ್ನು ಬಿಡಿಸಿ, ಕೈಯಿಂದ ಸವರಿ, ನಂಬರ್ ಹಾಕಿ, ಖರ್ಚಿನ ಕಡೆ ಬರೆದಳು. ಆಮೇಲೆ ಹೊಸ ಪುಟ ತೆರೆದು, ಎಡಗಡೆ 'ಜಮಾ' ಎಂದು ಬರೆದು, ಕೆಳಗೆ ಗೆರೆ ಎಳೆದಳು.